ಟ್ಯಾಂಕ್ 72 ಡಿಗ್ರಿಗೆ ಟ್ರಿಪ್ ಆಗುವುದೇಕೆ? ಮಿತಿಗಳನ್ನು ಗುರುತಿಸಿ ನಿಭಾಯಿಸುವ ಒಂದು ಪ್ರಕರಣ ಅಧ್ಯಯನ

ಲೋಹದ ಬಿಡಿಭಾಗ ತೊಳೆಯುವ ಯಂತ್ರವೊಂದಕ್ಕೆ ಬಿಸಿ ದ್ರಾವಣ ಒದಗಿಸಲು 1000 ಲೀಟರಿನ ಒಂದೇ ಟ್ಯಾಂಕ್ ಇದೆ. 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ತುಂಬಿದ ದ್ರಾವಣವನ್ನು 60 ಡಿಗ್ರಿಗೆ ಕಾಯಿಸಿ ಯಂತ್ರಕ್ಕೆ ಹರಿಸಬೇಕು. ಹೀಟರ್ 42 ಕಿಲೋವ್ಯಾಟಿನದು, ಮೂರು ಫೇಸ್, 400 ವೋಲ್ಟ್. ಅದನ್ನು ಕಾಂಟ್ಯಾಕ್ಟರ್ ಎಂಬ ವಿದ್ಯುತ್ ಸ್ವಿಚ್ 60 ಸೆಕೆಂಡಿನ ಆವರ್ತದಲ್ಲಿ ಆನ್-ಆಫ್ ಮಾಡುತ್ತದೆ. ಅದಕ್ಕೆ ಆಜ್ಞೆ ಕೊಡುವುದು ಪಿಎಲ್‌ಸಿಯ (ಯಂತ್ರ ನಡೆಸುವ ಕೈಗಾರಿಕಾ ಕಂಪ್ಯೂಟರ್) ಪಿಐ ಲೂಪ್, ಅಂದರೆ ತಾಪಮಾನ ನೋಡಿ ಹೀಟರ್ ಎಷ್ಟು ಹೊತ್ತು ಉರಿಯಬೇಕೆಂದು ಲೆಕ್ಕ ಹಾಕುವ ತರ್ಕ. ಅದರ ಔಟ್‌ಪುಟ್ 40% ಎಂದರೆ 24 ಸೆಕೆಂಡು ಆನ್, 36 ಸೆಕೆಂಡು ಆಫ್. ದ್ರಾವಣದಲ್ಲಿ ಬೆರೆಸಿದ ರಾಸಾಯನಿಕ 75 ಡಿಗ್ರಿ ದಾಟಿದರೆ ಕೆಡುತ್ತದೆ. ಅದಕ್ಕಾಗಿ 72 ಡಿಗ್ರಿಗೆ ಹೀಟರನ್ನು ಕಡಿಯುವ ಪ್ರತ್ಯೇಕ ಥರ್ಮೋಸ್ಟಾಟ್ ಇದೆ; ಹೀಗೆ ಕಡಿಯುವುದೇ ಟ್ರಿಪ್. ಒಮ್ಮೆ ಕಡಿದರೆ 67ಕ್ಕೆ ಇಳಿಯುವವರೆಗೆ ಅದು ರೀಸೆಟ್ ಆಗುವುದಿಲ್ಲ, ಆಮೇಲೂ ಕೈಯಿಂದಲೇ ಒತ್ತಬೇಕು. ಇಲ್ಲಿನ ಅಂಕಿಗಳನ್ನು ಓದುಗರು ತಾವೇ ಲೆಕ್ಕ ಹಾಕಿ ಪರಿಶೀಲಿಸಲು ಅನುಕೂಲವಾಗುವಂತೆ ಆರಿಸಿಕೊಂಡಿದೆ.

ಟ್ಯಾಂಕ್ ಮತ್ತೆ ಮತ್ತೆ 72ಕ್ಕೆ ಏರಿ ಟ್ರಿಪ್ ಆಗುತ್ತದೆ. ಬ್ಯಾಚ್ ತಣಿಯುವವರೆಗೆ ತೊಳೆಯುವ ಯಂತ್ರ ಖಾಲಿ ನಿಲ್ಲುತ್ತದೆ. ಉತ್ಪಾದನಾ ವಿಭಾಗ ಮೂರು ಬೇಡಿಕೆ ಇಟ್ಟಿದೆ: ದ್ರಾವಣ ಬಿಸಿಯಾಗುವ ಅವಧಿ 60ರಿಂದ 45 ನಿಮಿಷಕ್ಕೆ ಇಳಿಯಬೇಕು, ತಾಪಮಾನ 60ರ ಆಚೀಚೆ 1 ಡಿಗ್ರಿಯೊಳಗೆ ನಿಲ್ಲಬೇಕು, ಕೆಲಸವೆಲ್ಲ ಮುಂದಿನ 8 ಗಂಟೆಯ ಶಟ್‌ಡೌನ್‌ನಲ್ಲಿ ಮುಗಿಯಬೇಕು. ಮೊದಲ ಯೋಜನೆಯಲ್ಲಿ 56 ಕಿಲೋವ್ಯಾಟಿನ ಹೊಸ ಹೀಟರ್, ಹೊಸ ಕಂಟ್ರೋಲರ್ ಮತ್ತು ಐದು ಬಿಸಿ ಪರೀಕ್ಷೆಗಳಿದ್ದವು.

ಖರೀದಿಗೆ ಮೊದಲು ಲೆಕ್ಕ

1000 ಕಿಲೋ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4190 ಕಿಲೋಜೌಲ್ ಬೇಕು. 42 ಕಿಲೋವ್ಯಾಟ್ ಪೂರ್ತಿ ಕೊಟ್ಟರೆ ನಿಮಿಷಕ್ಕೆ 0.6 ಡಿಗ್ರಿ ಏರುತ್ತದೆ. 24ರಿಂದ 60ಕ್ಕೆ 36 ಡಿಗ್ರಿ, ಅಂದರೆ 60 ನಿಮಿಷ. ಯಾವ ಟ್ಯೂನಿಂಗ್ ಮಾಡಿದರೂ ಇದಕ್ಕಿಂತ ಬೇಗ ಆಗದು. 45 ನಿಮಿಷ ಬೇಕೆಂದರೆ ನಿಮಿಷಕ್ಕೆ 0.8 ಡಿಗ್ರಿ, ಅಂದರೆ 56 ಕಿಲೋವ್ಯಾಟ್. ಅಷ್ಟರ ಮಟ್ಟಿಗೆ ಮೊದಲ ಯೋಜನೆಯ ಲೆಕ್ಕ ಸರಿಯಾಗಿಯೇ ಇತ್ತು.

ಈಗ ಕರೆಂಟ್ ನೋಡಿ. 42,000 ವ್ಯಾಟನ್ನು 1.732 × 400ರಿಂದ ಭಾಗಿಸಿದರೆ 60.6 ಆಂಪಿಯರ್. ಈಗಿರುವ ಬ್ರೇಕರ್ 63 ಆಂಪಿಯರಿನದು. ಕಾಗದದ ಮೇಲೆ ಹೊಂದುತ್ತದೆ. ಆದರೆ ಥರ್ಮಲ್ ಬ್ರೇಕರಿನ ರೇಟಿಂಗ್ ನಿರ್ದಿಷ್ಟ ಸುತ್ತಲಿನ ತಾಪಮಾನಕ್ಕೆ ಬರೆದದ್ದು. ಮುಚ್ಚಿದ ಪ್ಯಾನೆಲ್ ಒಳಗೆ ಬಿಸಿ ಏರಿದಂತೆ ಅದು ನಿರಂತರ ತಾಳುವ ಕರೆಂಟ್ ಇಳಿಯುತ್ತದೆ. ಈ ಬ್ರೇಕರ್ ಬಿಸಿ ಹೊತ್ತಿನಲ್ಲಿ ಆಗಾಗ ಬೀಳಲು ಇದೇ ಕಾರಣ. 56 ಕಿಲೋವ್ಯಾಟ್ ಹಾಕಿದರೆ 80.8 ಆಂಪಿಯರ್. ಬ್ರೇಕರ್, ಕೇಬಲ್, ಕಾಂಟ್ಯಾಕ್ಟರ್ ಎಲ್ಲ ಬದಲಾಗಬೇಕು, ಮೇಲಿನ ಫೀಡರಿನಲ್ಲಿ ಅಷ್ಟು ಜಾಗ ಇದೆಯೇ ಎಂದೂ ನೋಡಬೇಕು. ಅದು 8 ಗಂಟೆಯ ಕೆಲಸವಲ್ಲ.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿದೇ ಇದೆ: 15 ನಿಮಿಷ ಉಳಿಸಿದರೆ ಯಾರಿಗೆ ಲಾಭ? ತೊಳೆಯುವ ಯಂತ್ರ ಒಂದು ಬ್ಯಾಚಿಗೆ 120 ನಿಮಿಷ ತೆಗೆದುಕೊಳ್ಳುತ್ತದೆ. ಟ್ಯಾಂಕಿಗೆ ತುಂಬಲು 20, ಬಿಸಿಯಾಗಲು 60, ಹರಿಸಲು 20, ಒಟ್ಟು 100 ನಿಮಿಷ. ಎಲ್ಲವೂ ನೆಟ್ಟಗೆ ನಡೆದ ದಿನ ಟ್ಯಾಂಕೇ 20 ನಿಮಿಷ ಸುಮ್ಮನೆ ನಿಲ್ಲುತ್ತದೆ. ಆ 100ನ್ನು 85 ನಿಮಿಷಕ್ಕೆ ಇಳಿಸಿದರೆ 35 ನಿಮಿಷ ಸುಮ್ಮನೆ ನಿಲ್ಲುತ್ತದೆ, ಅಷ್ಟೇ. ದಿನದ ಕೊನೆಗೆ ಒಂದು ಬ್ಯಾಚೂ ಹೆಚ್ಚಾಗದು. ಇಂಥ ಬೇಡಿಕೆ ಬಂದಾಗ ಮೊದಲು ಮುಂದಿನ ಯಂತ್ರದ ಬಳಿ ಗಡಿಯಾರ ಹಿಡಿದು ನಿಲ್ಲಬೇಕು, ಬೇಡಿಕೆ ಎಲ್ಲಿಂದ ಬಂತೋ ಅಲ್ಲಿ ಅಲ್ಲ.

ಟ್ರಿಪ್ ಆದ ದಿನ ಲೆಕ್ಕ ಪೂರ್ತಿ ತಿರುಗುತ್ತದೆ. ಹೊದಿಕೆ ಹಾಕಿದ ಈ ಟ್ಯಾಂಕ್ 60 ಡಿಗ್ರಿಯಲ್ಲಿ ಸುಮಾರು 2.1 ಕಿಲೋವ್ಯಾಟ್ ಮಾತ್ರ ಕಳೆದುಕೊಳ್ಳುತ್ತದೆ, ಅಂದರೆ ನಿಮಿಷಕ್ಕೆ 0.03 ಡಿಗ್ರಿ. ಏರುವ ವೇಗದ ಇಪ್ಪತ್ತನೇ ಒಂದು ಪಾಲು. 72ರಿಂದ, ತೊಳೆಯಲು ಬಳಸಬಹುದಾದ ಗರಿಷ್ಠ 63ಕ್ಕೆ ಇಳಿಯಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ಈ ಲೂಪಿಗೆ ಕಾಯಿಸಲು ಮಾತ್ರ ಕೈ ಇದೆ, ತಣಿಸಲು ಇಲ್ಲ. ಔಟ್‌ಪುಟ್ ಸೊನ್ನೆಗಿಂತ ಕೆಳಗೆ ಹೋಗಲಾರದು. ಇಡೀ ಪ್ರಕರಣದಲ್ಲಿ ಯಾವ ದಾಖಲೆಯಲ್ಲೂ ಬರೆಯದೆ ಬಿಟ್ಟ ಮಿತಿ ಇದೊಂದೇ, ಅತಿ ದುಬಾರಿಯಾದದ್ದೂ ಇದೇ.

60ಕ್ಕೆ ನಿಲ್ಲದೆ ಮುಂದೆ ಹೋಗುವುದೇಕೆ

60ಕ್ಕೂ ಈಗಿನ ತಾಪಮಾನಕ್ಕೂ ಇರುವ ಅಂತರವೇ ದೋಷ. ಪಿಐ ಲೂಪಿಗೆ ಎರಡು ಭಾಗ: ಈಗಿನ ದೋಷಕ್ಕೆ ತಕ್ಕಷ್ಟು ಔಟ್‌ಪುಟ್ ಕೇಳುವ ಪ್ರೊಪೋರ್ಷನಲ್, ದೋಷವನ್ನು ಕಾಲದುದ್ದಕ್ಕೂ ಕೂಡಿಸುತ್ತ ಹೋಗುವ ಇಂಟಿಗ್ರಲ್. ಹಳೆಯ ಸೆಟ್ಟಿಂಗ್: ಪ್ರತಿ ಡಿಗ್ರಿ ದೋಷಕ್ಕೆ 10% ಔಟ್‌ಪುಟ್, ಇಂಟಿಗ್ರಲ್ ಸಮಯ (ಕಡಿಮೆಯಿದ್ದಷ್ಟೂ ಬೇಗ ಕೂಡುತ್ತದೆ) 30 ನಿಮಿಷ. 24 ಡಿಗ್ರಿಯಲ್ಲಿ ದೋಷ 36, ಆದ್ದರಿಂದ ಪ್ರೊಪೋರ್ಷನಲ್ ಭಾಗವೇ 360% ಕೇಳುತ್ತದೆ. ಹೀಟರ್ ಕೊಡುವುದು 100% ಮಾತ್ರ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಅಂತರ ಇಂಟಿಗ್ರಲ್‌ಗೆ ತಿಳಿಯದು. ದೋಷ ಇದೆ ಎಂದಷ್ಟೇ ಅದಕ್ಕೆ ಕಾಣುತ್ತದೆ, ಕೂಡಿಸುತ್ತಲೇ ಹೋಗುತ್ತದೆ.

ಎಷ್ಟು ಕೂಡುತ್ತದೆ? 60 ನಿಮಿಷದಲ್ಲಿ ದೋಷ 36ರಿಂದ ಸೊನ್ನೆಗೆ ನೇರ ಗೆರೆಯಲ್ಲಿ ಇಳಿದರೆ ಅದರ ಕೆಳಗಿನ ವಿಸ್ತೀರ್ಣ 1080 ಡಿಗ್ರಿ-ನಿಮಿಷ. ಅದನ್ನು 10/30ರಿಂದ ಗುಣಿಸಿದರೆ 360%. ತಾಪಮಾನ ಸರಿಯಾಗಿ 60 ಮುಟ್ಟಿದ ಕ್ಷಣದಲ್ಲಿ ದೋಷ ಸೊನ್ನೆ, ಆದರೂ ಇಂಟಿಗ್ರಲ್ 360% ಕೇಳುತ್ತ ಕೂತಿರುತ್ತದೆ. ಹೀಟರ್ ಪೂರ್ತಿ ಉರಿಯುತ್ತಲೇ ಇರುತ್ತದೆ. 20 ನಿಮಿಷ ಕಳೆದು 72 ಮುಟ್ಟಿದಾಗ ಇಂಟಿಗ್ರಲ್ 320ಕ್ಕೆ ಇಳಿದಿರುತ್ತದೆ, ಪ್ರೊಪೋರ್ಷನಲ್ 120 ಕಳೆಯುತ್ತದೆ, ಉಳಿದದ್ದು 200%. ಆಗಲೂ ಔಟ್‌ಪುಟ್ ಪೂರ್ತಿ. ಥರ್ಮೋಸ್ಟಾಟ್ ಇಲ್ಲದಿದ್ದರೆ ಸುಮಾರು 80 ಡಿಗ್ರಿಯವರೆಗೆ ಏರಿ ದ್ರಾವಣ ಕೆಡುತ್ತಿತ್ತು. ಇದನ್ನೇ ಇಂಟಿಗ್ರಲ್ ವೈಂಡಪ್ ಎನ್ನುವುದು.

ಒಂದು ಬ್ಯಾಚ್ ಹೆಚ್ಚು ಏರುತ್ತದೆ, ಇನ್ನೊಂದು ಕಡಿಮೆ, ಯಾಕೆಂದು ತಿಳಿಯದು ಎನ್ನುವುದು ಆಪರೇಟರುಗಳ ದೂರು. ಅದಕ್ಕೂ ಉತ್ತರ ಇಲ್ಲೇ ಇದೆ. ಟ್ಯಾಂಕ್ ತುಂಬಿ, ಲೂಪ್ ಆಟೋದಲ್ಲಿದ್ದು, ಹೀಟರಿನ ಐಸೊಲೇಟರ್ (ಪೂರೈಕೆ ಕಡಿಯುವ ಕೈ ಸ್ವಿಚ್) ಮಾತ್ರ ಇನ್ನೂ ಹಾಕದೆ ಇದ್ದರೆ ಪ್ರತಿ ನಿಮಿಷಕ್ಕೆ 36/3, ಅಂದರೆ 12% ಇಂಟಿಗ್ರಲ್‌ಗೆ ಸೇರುತ್ತದೆ. ಹತ್ತು ನಿಮಿಷ ತಡವಾದರೆ 120%. ಹೀಟರ್ ಹಾಕುವುದು ತಡವಾದಷ್ಟೂ ಏರಿಕೆ ಹೆಚ್ಚು. ಸೆನ್ಸರ್ ಕೆಟ್ಟಿದೆ ಎಂದು ತಾಪಮಾನ ಅಳೆಯುವ ಪಿಟಿ-100 ಬದಲಿಸಿದರೆ ಏನೂ ಆಗುವುದಿಲ್ಲ, ಸೆನ್ಸರ್ ಸರಿಯಾಗಿಯೇ ಓದುತ್ತಿದೆ.

ಟ್ರಿಪ್ ಆದ ಮೇಲೆ ಅದೇ ತಪ್ಪು ಎದುರು ದಿಕ್ಕಿಗೆ ತಿರುಗುತ್ತದೆ. ಥರ್ಮೋಸ್ಟಾಟ್ ಕಾಂಟ್ಯಾಕ್ಟರನ್ನು ನೇರವಾಗಿ ಕಡಿಯುತ್ತದೆ, ಪಿಎಲ್‌ಸಿಗೆ ಸುದ್ದಿಯೇ ಇಲ್ಲ. ತಾಪಮಾನ ನಿಧಾನವಾಗಿ 72ರಿಂದ 60ಕ್ಕೆ ಇಳಿಯುವ ಐದಾರು ಗಂಟೆ ಇಂಟಿಗ್ರಲ್ ಕಳೆಯುತ್ತ ಹೋಗಿ ಮೈನಸ್ 300%ಗೂ ಕೆಳಗೆ ಜಾರುತ್ತದೆ. ಆ ಬ್ಯಾಚನ್ನು ಹಾಗೇ ಹಿಡಿದಿಟ್ಟರೆ 60 ದಾಟಿದ ಮೇಲೂ ಹೀಟರ್ ಹೊತ್ತುವುದಿಲ್ಲ. 53ರ ಆಸುಪಾಸಿಗೆ ಇಳಿದ ಮೇಲೆಯೇ ಎಚ್ಚರಾಗುತ್ತದೆ. ಒಂದೇ ತಪ್ಪು, ಎರಡು ಲಕ್ಷಣ. ಲಾಗ್ ಪುಸ್ತಕದಲ್ಲಿ ಅವು ಎರಡು ಬೇರೆ ದೂರುಗಳಾಗಿ ದಾಖಲಾಗುತ್ತವೆ, ಇಬ್ಬರು ಬೇರೆ ಬೇರೆ ಕಡೆ ಹುಡುಕುತ್ತಾರೆ.

ಯಾವ ಮಿತಿ ಗಟ್ಟಿ, ಯಾವುದು ಮೆತು

ಇಲ್ಲಿ ಮಿತಿಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಅದನ್ನು ಯಾರು ಬದಲಿಸಬಲ್ಲರು ಎಂದು ನಮೂದಿಸುವುದೇ ಅರ್ಧ ಕೆಲಸ. 75 ಡಿಗ್ರಿ ರಸಾಯನದ ಮಿತಿ, ಯಾರೂ ಬದಲಿಸಲಾರರು. 72ರ ಟ್ರಿಪ್ ಸುರಕ್ಷತೆಯದು. ಅದನ್ನು 74ಕ್ಕೆ ಏರಿಸಿ ಟ್ರಿಪ್ ತಪ್ಪಿಸೋಣ ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ, ಅದನ್ನು ಅಲ್ಲೇ ನಿಲ್ಲಿಸಬೇಕು. 63 ಆಂಪಿಯರ್ ಹಣ ಮತ್ತು ಸಮಯ ಕೊಟ್ಟರೆ ಬದಲಾಗುತ್ತದೆ. 8 ಗಂಟೆಯ ಶಟ್‌ಡೌನ್ ಈ ಯೋಜನೆಯ ಮಟ್ಟಿಗೆ ಗಟ್ಟಿ. 45 ನಿಮಿಷ ಎಂಬುದು ಬಯಕೆ. ಇನ್ನು ಆಚೀಚೆ 1 ಡಿಗ್ರಿ ಎಂಬ ಬೇಡಿಕೆ: ತೊಳೆಯುವ ಪ್ರಕ್ರಿಯೆಯ ದಾಖಲೆಯಲ್ಲಿ 57ರಿಂದ 63 ಎಂದಿದೆ, ಅಂದರೆ ಆಚೀಚೆ 3 ಡಿಗ್ರಿ. 1 ಎಂಬುದು ಹಳೆಯ ನಮೂನೆಯೊಂದರಿಂದ ನಕಲಾಗಿ ಬಂದದ್ದು. ಇಂಥ ಮೆತು ಮಿತಿಗಳು ಗಟ್ಟಿ ಮಿತಿಗಳ ವೇಷದಲ್ಲಿ ಕೂತು ಯೋಜನೆಯ ಹಣ ತಿನ್ನುತ್ತವೆ.

ಬದಲಾವಣೆ

ಮೊದಲು ಔಟ್‌ಪುಟ್‌ನ ಮೇಲಿನ ಮಿತಿಯನ್ನು 85%ಗೆ ಇಳಿಸಿದೆ. ಕಾಯುವುದು ಬೇಗ ಆಗಬೇಕೆಂದು ಕೇಳಿದವರಿಗೆ ಇದು ವಿಚಿತ್ರ ಎನಿಸಬಹುದು. ಆದರೆ 20 ನಿಮಿಷದ ಬಿಡುವು ಟ್ಯಾಂಕಿನ ಬಳಿ ಇದೆ, ಅದನ್ನು ಬ್ರೇಕರಿಗೆ ಕೊಡುವುದೇ ಲೇಸು. 60 ಸೆಕೆಂಡಿಗೆ 51 ಸೆಕೆಂಡು ಆನ್ ಇದ್ದರೆ ಬ್ರೇಕರಿನ ಥರ್ಮಲ್ ಪಟ್ಟಿಗೆ ತಟ್ಟುವ ಪರಿಣಾಮಕಾರಿ ಕರೆಂಟ್ 60.6ನ್ನು 0.85ರ ವರ್ಗಮೂಲದಿಂದ ಗುಣಿಸಿದಷ್ಟು, ಸುಮಾರು 56 ಆಂಪಿಯರ್. ಬಿಸಿ ಹೊತ್ತಿನ ಬ್ರೇಕರ್ ದೂರು ತಗ್ಗಲು ಇದು ದೊಡ್ಡ ನೆರವು.

ಎರಡನೆಯದು ಗೇನ್. ಪ್ರತಿ ಡಿಗ್ರಿಗೆ 20%, ಇಂಟಿಗ್ರಲ್ ಸಮಯ 60 ನಿಮಿಷ. ಕೊಟ್ಟ ಶಾಖವನ್ನು ಬಹುತೇಕ ಕೂಡಿಸುತ್ತಲೇ ಹೋಗುವ ಇಂಥ ಟ್ಯಾಂಕಿನಲ್ಲಿ ಗೇನ್ ಇಳಿಸಿದರೆ ಏರಿಕೆ ಕಡಿಮೆಯಾಗುತ್ತದೆ ಎಂಬ ನಂಬಿಕೆ ತಪ್ಪು. ಇಂಟಿಗ್ರಲ್ ಇದ್ದಾಗ ಗೇನ್ ಇಳಿಸಿದಷ್ಟೂ ಓಲಾಟ ಹೆಚ್ಚುತ್ತದೆ.

ಮೂರನೆಯದು ವೈಂಡಪ್ ತಡೆ, ಈ ಪ್ರಕರಣದ ತಿರುಳು. ಔಟ್‌ಪುಟ್ 85%ಗೋ ಸೊನ್ನೆಗೋ ತಾಗಿದ್ದು, ದೋಷ ಅದನ್ನು ಇನ್ನೂ ಆಚೆಗೆ ತಳ್ಳುತ್ತಿದ್ದರೆ ಇಂಟಿಗ್ರಲ್ ನಿಲ್ಲಬೇಕು. ಬಹಳಷ್ಟು ಪಿಎಲ್‌ಸಿಗಳಲ್ಲಿ ಬ್ಯಾಕ್ ಕ್ಯಾಲ್ಕುಲೇಷನ್ ಎಂಬ ಇನ್ನೊಂದು ವಿಧಾನವೂ ಸಿಗುತ್ತದೆ: ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನೇ ಇಂಟಿಗ್ರಲ್‌ಗೆ ವಾಪಸ್ ಕೊಡುವುದು. ಒಳ್ಳೆಯ ವಿಧಾನ, ಆದರೆ ಇಲ್ಲಿ ಎಚ್ಚರ ಬೇಕು. ಟ್ರ್ಯಾಕಿಂಗ್ ಸಮಯ, ಅಂದರೆ ಆ ಅಂತರ ಎಷ್ಟು ಬೇಗ ವಾಪಸ್ ಹೋಗಬೇಕೆಂಬ ಸೆಟ್ಟಿಂಗ್, ತೀರ ಕಡಿಮೆ ಇಟ್ಟರೆ ಇಂಟಿಗ್ರಲ್ ಮೈನಸ್‌ಗೆ ಜಿಗಿದು, ಇನ್ನೂ 30 ಡಿಗ್ರಿ ಬಾಕಿ ಇರುವಾಗಲೇ ಹೀಟರ್ ಇಳಿಯತೊಡಗುತ್ತದೆ. ಆಮೇಲೆ 57 ಮುಟ್ಟಲು ಎರಡು ಗಂಟೆ ಹತ್ತಿರ ಹಿಡಿಯುತ್ತದೆ. ಏರಿಕೆ ಹೋಯಿತು, ಬ್ಯಾಚೂ ಹೋಯಿತು. ಅದಕ್ಕೇ ಇಲ್ಲಿ ಮೊದಲು ಹೇಳಿದ, ಮಿತಿ ತಾಗಿದಾಗ ನಿಲ್ಲುವ ಷರತ್ತಿನ ಇಂಟಿಗ್ರಲ್ ಸಾಕು ಎಂದು ತೀರ್ಮಾನ.

ಸೆಟ್ ಪಾಯಿಂಟನ್ನು (ಲೂಪ್ ಮುಟ್ಟಬೇಕಾದ ಗುರಿ ತಾಪಮಾನ) ನಿಮಿಷಕ್ಕೆ 0.5 ಡಿಗ್ರಿಯಂತೆ ನಿಧಾನ ಏರಿಸುವ ಉಪಾಯವೂ ಪರಿಶೀಲನೆಗೆ ಬಂತು. ಔಟ್‌ಪುಟ್ 100%ಗೆ ತಾಗದು, ಸರಿ. ಆದರೆ ಏರಿಕೆಯುದ್ದಕ್ಕೂ ಇಂಟಿಗ್ರಲ್ ಕೂಡುತ್ತಲೇ ಹೋಗುತ್ತದೆ. 60 ಮುಟ್ಟಿ ಸೆಟ್ ಪಾಯಿಂಟ್ ನಿಂತಾಗ ಅದನ್ನು ಇಳಿಸುವಷ್ಟರಲ್ಲಿ ತಾಪಮಾನ ಎರಡು ಡಿಗ್ರಿಗೂ ಹೆಚ್ಚು ಮೇಲೆ ಹೋಗುತ್ತದೆ. ಆ ಉಪಾಯವನ್ನು ಕೈಬಿಡಲಾಯಿತು.

ನಾಲ್ಕನೆಯದು ಎರಡು ತಂತಿಯ ಕೆಲಸ, ಆದರೆ ಬಿಟ್ಟರೆ ಉಳಿದದ್ದೆಲ್ಲ ಅರೆಬರೆ. ಕಾಂಟ್ಯಾಕ್ಟರಿನ ಸಹಾಯಕ ಕಾಂಟ್ಯಾಕ್ಟನ್ನು ಪಿಎಲ್‌ಸಿಯ ಒಂದು ಡಿಜಿಟಲ್ ಇನ್‌ಪುಟ್‌ಗೆ ತರಬೇಕು. ಆಜ್ಞೆ ಆನ್ ಇದ್ದೂ 2 ಸೆಕೆಂಡಿನೊಳಗೆ ಕಾಂಟ್ಯಾಕ್ಟ್ ಮುಚ್ಚದಿದ್ದರೆ ಟ್ರಿಪ್, ಐಸೊಲೇಟರ್, ಬ್ರೇಕರ್ ಇವುಗಳಲ್ಲಿ ಒಂದು ತೆರೆದಿದೆ ಎಂದರ್ಥ. ಕಂಟ್ರೋಲ್ ಸರ್ಕ್ಯೂಟಿನ ಪೂರೈಕೆಯನ್ನು ಐಸೊಲೇಟರ್ ಮತ್ತು ಬ್ರೇಕರಿನ ನಂತರ ತೆಗೆದುಕೊಂಡಿದ್ದರೆ ಮಾತ್ರ ಈ ಒಂದೇ ಕಾಂಟ್ಯಾಕ್ಟ್ ಮೂರನ್ನೂ ಹೇಳುತ್ತದೆ. ಬೇರೆ ಕಡೆಯಿಂದ ಬಂದಿದ್ದರೆ ಅವುಗಳ ಸಹಾಯಕ ಕಾಂಟ್ಯಾಕ್ಟುಗಳನ್ನೂ ಸರಣಿಯಲ್ಲಿ ಸೇರಿಸಬೇಕು. ಕಾಂಟ್ಯಾಕ್ಟ್ ಮುಚ್ಚದ ಆ ಹೊತ್ತಿನಲ್ಲಿ ಇಂಟಿಗ್ರಲ್ ಸೊನ್ನೆಗೆ ಹೋಗಿ ಅಲ್ಲೇ ನಿಲ್ಲಬೇಕು, ಅಲಾರಂ ಬರಬೇಕು.

ಈ ನಾಲ್ಕರಿಂದ ಲೆಕ್ಕದ ಪ್ರಕಾರ 55.75 ಡಿಗ್ರಿಯವರೆಗೆ ಹೀಟರ್ 85%ನಲ್ಲಿ ಓಡಿ, ನಂತರ ಇಳಿಯತೊಡಗುತ್ತದೆ. ಶಾಖನಷ್ಟ ಸೇರಿಸಿ ಸುಮಾರು 67ನೇ ನಿಮಿಷಕ್ಕೆ 57 ದಾಟಿ ಬ್ಯಾಚ್ ಬಳಕೆಗೆ ಸಿದ್ಧ. 60 ದಾಟಿದ ಮೇಲಿನ ಏರಿಕೆ ಅರ್ಧ ಡಿಗ್ರಿಯೊಳಗೆ. ಟ್ಯಾಂಕಿನ ಪೂರ್ತಿ ಸುತ್ತು 20 + 67 + 20 = 107 ನಿಮಿಷ, ಯಂತ್ರದ 120ಕ್ಕಿಂತ 13 ಕಡಿಮೆ. ಹೊಸ ಹೀಟರ್ ಬೇಡ, ಹೊಸ ಕಂಟ್ರೋಲರೂ ಬೇಡ.

ಎಂಟು ಗಂಟೆಯಲ್ಲಿ ಏನು ಹಿಡಿಸುತ್ತದೆ

ಮೊದಲ ಯೋಜನೆಯ ಐದು ಬಿಸಿ ಪರೀಕ್ಷೆಗಳಿಗೆ ತಲಾ ಒಂದು ಗಂಟೆ ಎಂದು ಬರೆದಿತ್ತು. ಬಿಸಿಯಾಗುವ ಅವಧಿ ಮಾತ್ರ ಯೋಜನೆ ಬರೆದವರ ಕಣ್ಣಿಗೆ ಬಿದ್ದದ್ದು. ಒಂದು ಪರೀಕ್ಷೆ ಎಂದರೆ ತುಂಬಲು 20, ಕಾಯಿಸಲು 67, ಹಿಡಿದು ನೋಡಲು 30, ಖಾಲಿ ಮಾಡಲು 20, ಒಟ್ಟು 137 ನಿಮಿಷ. ಖಾಲಿ ಮಾಡದೆ ತಣಿಯಲು ಬಿಟ್ಟರೆ ಮರುದಿನವೂ ಸಾಲದು. ಐದಕ್ಕೆ 685 ನಿಮಿಷ ಬೇಕು, ಇಡೀ ಶಟ್‌ಡೌನ್ ಇರುವುದೇ 480. ತಂತಿ ಎಳೆದು ಟರ್ಮಿನಲ್ ಮಾಡಲು 2 ಗಂಟೆ, ಪ್ರೋಗ್ರಾಂ ಹಾಕಿ ಇನ್‌ಪುಟ್-ಔಟ್‌ಪುಟ್ ನೋಡಲು ಅರ್ಧ ಗಂಟೆ. ಉಳಿಯುವ 330 ನಿಮಿಷದಲ್ಲಿ ಹಿಡಿಸುವುದು ಎರಡೇ ಪರೀಕ್ಷೆ, 274 ನಿಮಿಷ. 56 ನಿಮಿಷ ಉಳಿದಂತೆ ಕಾಣುತ್ತದೆ. ಆದರೆ ಹಳೆಯ ಪ್ರೋಗ್ರಾಂ ಮರಳಿ ಹಾಕಿ ಪರಿಶೀಲಿಸಲು 30 ನಿಮಿಷ ಮೀಸಲಿಡಬೇಕು. ನಿಜಕ್ಕೂ ಕೈಯಲ್ಲಿರುವುದು 26.

ಹಾಗಾಗಿ ಶಟ್‌ಡೌನ್‌ನಲ್ಲಿ ವಿರಳವಾದ ಸರಕು ಬಿಸಿ ಪರೀಕ್ಷೆ. ಅದನ್ನು ಬೇಡದ ಕೆಲಸಗಳನ್ನೆಲ್ಲ ಹೊರಗೆ ತಳ್ಳಬೇಕು. ಲೂಪಿನ ತರ್ಕವನ್ನು ಮೊದಲೇ ಒಂದು ಸ್ಪ್ರೆಡ್‌ಶೀಟಿನಲ್ಲಿ ಓಡಿಸಬಹುದು: ಪ್ರತಿ ಸಾಲು ಒಂದು ನಿಮಿಷ; ಮುಂದಿನ ತಾಪಮಾನ = ಈಗಿನ ತಾಪಮಾನ + 0.006 × ಔಟ್‌ಪುಟ್ ಶೇಕಡಾ − 0.00083 × (ಈಗಿನ ತಾಪಮಾನ − 24). ಇಂಟಿಗ್ರಲ್‌ಗೆ ಒಂದು ಕಾಲಂ, ಮಿತಿ ಹಾಕಿದ ಔಟ್‌ಪುಟ್‌ಗೆ ಒಂದು ಕಾಲಂ. ಮೇಲೆ ಹೇಳಿದ ಹಳೆಯ 80 ಡಿಗ್ರಿಯ ಏರಿಕೆ, ಹೊಸ ಅರ್ಧ ಡಿಗ್ರಿ ಎರಡೂ ಅದರಲ್ಲಿ ಕಾಣುತ್ತವೆ. ಹಳೆಯ ಸೆಟ್ಟಿಂಗ್ ಹಾಕಿದಾಗ ಹಳೆಯ ಟ್ರೆಂಡ್ ಬಾರದಿದ್ದರೆ ಮಾದರಿ ತಪ್ಪು. ಹೊಸದನ್ನು ನಂಬುವ ಮಾತೇ ಇಲ್ಲ.

ಸೆನ್ಸರ್ ತಂತಿ ಕಡಿದಾಗ ಓದು ಮೇಲಕ್ಕೆ ಹೋಗಿ ಹೀಟರ್ ಆಫ್ ಆಗುವುದು, ಮಟ್ಟ ಕಡಿಮೆಯಾದಾಗ ಇಂಟರ್‌ಲಾಕ್ ಕಡಿಯುವುದು, ವಿದ್ಯುತ್ ಹೋಗಿ ಬಂದಾಗ ಇಂಟಿಗ್ರಲ್ ಸೊನ್ನೆಯಿಂದ ಶುರುವಾಗುವುದು, ಈ ಮೂರಕ್ಕೂ ಬಿಸಿ ಟ್ಯಾಂಕ್ ಬೇಡ. ತಣ್ಣನೆಯಲ್ಲೇ, ತಲಾ ಕೆಲವು ನಿಮಿಷದಲ್ಲಿ, ಟ್ಯಾಂಕ್ ತುಂಬುವ ಹೊತ್ತಿನಲ್ಲೇ ಮುಗಿಯುತ್ತವೆ. ಮಟ್ಟದ ಇಂಟರ್‌ಲಾಕಂತೂ ಟ್ಯಾಂಕ್ ಅರ್ಧ ತುಂಬಿರುವಾಗಲೇ ನೋಡಬೇಕು.

ಮೊದಲ ಬಿಸಿ ಪರೀಕ್ಷೆ ಸಾಮಾನ್ಯ ಬ್ಯಾಚ್. ಎರಡನೆಯದರಲ್ಲಿ 45 ಡಿಗ್ರಿ ಹತ್ತಿರ ಟ್ರಿಪ್ ಸರ್ಕ್ಯೂಟನ್ನು ಬೇಕೆಂದೇ ತೆರೆದು 10 ನಿಮಿಷ ಬಿಡಬೇಕು. ಇಂಟಿಗ್ರಲ್ ಅಲುಗದೆ ಸೊನ್ನೆಯಲ್ಲಿ ನಿಂತಿದೆಯೇ ಎಂದು ಪರದೆಯಲ್ಲಿ ನೋಡಿ, ಮರಳಿ ಮುಚ್ಚಿ, ಏರಿಕೆ ಮೊದಲ ಪರೀಕ್ಷೆಯಷ್ಟೇ ಇದೆಯೇ ಎಂದು ಹೋಲಿಸಬೇಕು. ಆ 10 ನಿಮಿಷ ಕೈಯಲ್ಲಿದ್ದ 26ರಿಂದಲೇ ಹೋಗುತ್ತದೆ, ಉಳಿಯುವುದು 16. 450ನೇ ನಿಮಿಷಕ್ಕೆ ಒಪ್ಪಿಗೆ ಸಿಗದಿದ್ದರೆ ಚರ್ಚೆಯಿಲ್ಲದೆ ಹಳೆಯ ಪ್ರೋಗ್ರಾಂ. ಈ ಗಡುವನ್ನು ಹಿಂದಿನ ದಿನವೇ ಬರೆದು ಸಹಿ ಮಾಡಿಸಿಕೊಳ್ಳಬೇಕು. 440ನೇ ನಿಮಿಷದಲ್ಲಿ ನಿಂತು ಯಾರೂ ಸರಿಯಾಗಿ ತೀರ್ಮಾನಿಸಲಾರರು.

ಯೋಜನೆಯೊಳಗಿನ ವೈಂಡಪ್

ಟ್ಯಾಂಕಿನಲ್ಲಿ ಕಂಡ ತಪ್ಪು ಇದೇ ಯೋಜನೆಯ ವೇಳಾಪಟ್ಟಿಯಲ್ಲೂ ಇತ್ತು. ಪ್ರೋಗ್ರಾಂ ಬರೆಯುವುದೂ ಪರೀಕ್ಷೆ ನಡೆಸುವುದೂ ಒಬ್ಬರೇ ಇಂಜಿನಿಯರ್. ಅವರ ದಿನ ಪೂರ್ತಿ ತುಂಬಿದೆ, ಅಂದರೆ 100%ಗೆ ತಾಗಿದ್ದಾರೆ. ಆದರೂ ಪ್ರತಿ ವಾರದ ಸಭೆಯಲ್ಲಿ ಹಿಂದೆ ಬಿದ್ದ ಕೆಲಸವನ್ನು ಎತ್ತಿ ಅವರ ಪಟ್ಟಿಗೇ ಸೇರಿಸಲಾಗುತ್ತದೆ. ಸೇರಿಸಿದ್ದರಿಂದ ವೇಗ ಒಂದಿಷ್ಟೂ ಹೆಚ್ಚದು, ಬಾಕಿ ಮಾತ್ರ ಬೆಳೆಯುತ್ತದೆ. ಕೊನೆಗೆ ಶಟ್‌ಡೌನ್ ಬಂದಾಗ ಕೂಡಿಟ್ಟದ್ದೆಲ್ಲ ಒಮ್ಮೆಲೇ ಹೊರಬರುತ್ತದೆ: ಅಲಾರಂ ಬಣ್ಣ ಬದಲಿಸುವುದು, ಪರದೆಯ ಹೊಸ ಪುಟ, ವರದಿಯ ನಮೂನೆ. ಅರ್ಧಕ್ಕರ್ಧ ಈಗ ಯಾರಿಗೂ ಬೇಡವಾದದ್ದು. ಹೀಗೆ ಎರಡು ಬಿಸಿ ಪರೀಕ್ಷೆಗಳ ಸಮಯವನ್ನು ಪರದೆಯ ಬಣ್ಣ ತಿಂದುಹಾಕುತ್ತದೆ.

ತಡೆಯೂ ಅದೇ ಬಗೆಯದು. ಅಡಚಣೆಯ ಜಾಗದಲ್ಲಿರುವವರು ಭರ್ತಿಯಾಗಿರುವವರೆಗೆ ಅವರ ಪಟ್ಟಿಗೆ ಹೊಸದೇನೂ ಸೇರಬಾರದು; ಒಂದು ಸೇರಬೇಕಾದರೆ ಒಂದು ಹೊರಹೋಗಬೇಕು. ಹಳೆಯ ಬಾಕಿಯನ್ನು ಮುಂದಕ್ಕೆ ಒಯ್ಯದೆ, ಪ್ರತಿ ಸಭೆಯಲ್ಲಿ ಇದು ಇನ್ನೂ ಬೇಕೇ ಎಂದು ಸೊನ್ನೆಯಿಂದ ಕೇಳಬೇಕು. ಅವರು ಮಾಡಬೇಕಿಲ್ಲದ ಟರ್ಮಿನಲ್ ಗುರುತು, ಡ್ರಾಯಿಂಗ್ ತಿದ್ದುಪಡಿ, ಪರೀಕ್ಷಾ ಹಾಳೆಯ ಮುದ್ರಣ ಬೇರೆಯವರ ಕೈಗೆ ಹೋಗಬೇಕು. ಈ ಪ್ರಕರಣದಲ್ಲಿ ಶಟ್‌ಡೌನ್ ಪಟ್ಟಿಯಲ್ಲಿ ಉಳಿದದ್ದು ಲೂಪಿಗೆ ನೇರ ಸಂಬಂಧಿಸಿದ ನಾಲ್ಕು ಬದಲಾವಣೆ ಮಾತ್ರ.

ಮಿತಿ ಸ್ಥಳ ಬದಲಿಸಿದಾಗ

ನಾಳೆ ತೊಳೆಯುವ ಯಂತ್ರವನ್ನು ಸುಧಾರಿಸಿ 120 ನಿಮಿಷವನ್ನು 90ಕ್ಕೆ ತಂದರೆ ಅಡಚಣೆ ಟ್ಯಾಂಕಿಗೆ ಬರುತ್ತದೆ. ಆಗ 107 ನಿಮಿಷದ ಸುತ್ತು ಸಾಲದು. ಮಿತಿಯನ್ನು 100%ಗೆ ಏರಿಸಿದರೂ ಸುಮಾರು 98. ಅಂದು 56 ಕಿಲೋವ್ಯಾಟ್ ಹೀಟರಿಗೆ ಅರ್ಥ ಬರುತ್ತದೆ: ಬ್ಯಾಚ್ 44-45 ನಿಮಿಷಕ್ಕೆ ಸಿದ್ಧ, ಸುತ್ತು 85. ಬ್ರೇಕರ್, ಕೇಬಲ್, ಫೀಡರಿನ ಖರ್ಚು ಅಂದೇ ಸಮರ್ಥನೀಯ. ಹೀಟರ್ ಬದಲಾದರೆ 0.006 ಎಂಬ ಅಂಕಿ 0.008 ಆಗುತ್ತದೆ, ಲೂಪಿನ ಗೇನನ್ನು 15ರ ಆಸುಪಾಸಿಗೆ ಇಳಿಸಬೇಕಾಗುತ್ತದೆ.

ಅದಕ್ಕಾಗಿ ಪಿಎಲ್‌ಸಿ ಪ್ರೋಗ್ರಾಂನಲ್ಲಿ 85 ಎಂಬ ಅಂಕಿಯ ಪಕ್ಕದ ಕಾಮೆಂಟಿನಲ್ಲಿ ಮೂರು ಸಂಗತಿ ಬರೆದಿಡಬೇಕು: 63 ಆಂಪಿಯರ್ ಬ್ರೇಕರಿನ ಶಾಖ ತಗ್ಗಿಸಲು ಹಾಕಿದ ಮಿತಿ, ತೊಳೆಯುವ ಯಂತ್ರದ ಅವಧಿ 107 ನಿಮಿಷಕ್ಕಿಂತ ಹೆಚ್ಚಿರುವವರೆಗೆ ಸರಿ, ಏರಿಸುವ ಮುನ್ನ ಪ್ಯಾನೆಲ್ ಒಳಗಿನ ತಾಪಮಾನ ಅಳೆಯಿರಿ.